ಕೂಸಿಗೆ ಎಣ್ಣೆ ಹಚ್ಚೋದಕ್ಕೂ ಕ್ಲಾಸಾ?

ಮಗುವಿಗೆ ಎಣ್ಣೆ ಹಚ್ಚೋದನ್ನ ಅಪ್ಪ ಅಮ್ಮಂದಿರಿಗೆ ಕಲಿಸೋಕೆ ಬೆಂಗಳೂರಲ್ಲಿ ಫೀಸು ತಗೋತಾರೆ ಅಂದಾಗ ನಮ್ಮ ಟೀಮಿನಲ್ಲಿ ಎಲ್ಲರೂ ನಕ್ಕರು. ನಗು ಸಹಜವೇ. ಅಜ್ಜಿ ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನ ಕಾಲ ಮೇಲೆ ಮಲಗಿಸಿ ಹರಳೆಣ್ಣೆ ತಿಕ್ಕಿ, ಹಂಡೆ ನೀರು ಎರೆದು, ಸಾಂಬ್ರಾಣಿ ಹೊಗೆ ಹಾಕ್ತಿದ್ದಿದ್ದು ಯಾವ ಸರ್ಟಿಫಿಕೇಟಿನ ಮೇಲೆ?

ಅದೂ ಅಲ್ಲದೆ ಈ ವಿದ್ಯೆ ಹೊರಗೆ ಹೋಗಿದ್ದೇ ಇಲ್ಲಿಂದ. ಫ್ರೆಂಚ್ ಡಾಕ್ಟರ್ ಫ್ರೆಡರಿಕ್ ಲೆಬ್ವಾಯೆ ಕಲ್ಕತ್ತಾದಲ್ಲಿ ಒಬ್ಬ ತಾಯಿ ಮಗುವಿಗೆ ಎಣ್ಣೆ ಹಚ್ಚೋದನ್ನ ನೋಡಿ 1976ರಲ್ಲಿ ಪುಸ್ತಕವನ್ನೇ ತಂದರು. ಆಕೆಯ ಹೆಸರು ಶಾಂತಲಾ. ಬ್ರೆಜಿಲ್‌ನಲ್ಲಿ ಇವತ್ತಿಗೂ ಮಕ್ಕಳ ಮಸಾಜಿಗೆ 'ಶಾಂತಲಾ' ಅಂತಲೇ ಅಂತಾರೆ (ಬೇಲೂರಿನವರು ಕೇಳಿಸಿಕೊಳ್ಳಿ!).

ಆದರೂ ನಾನು ಕ್ಲಾಸಿನ ಪರ. ಒಳ್ಳೇ ಕ್ಲಾಸಿನಲ್ಲಿ ಕಲಿಸುವವರು ಮಗುವನ್ನ ಮುಟ್ಟೋದೇ ಇಲ್ಲ. ಅವರ ಕೈಲಿ ಗೊಂಬೆ, ಮಗು ಹೆತ್ತವರ ಕೈಲಿ. ಅಂಗೈಗೆ ಎಣ್ಣೆ ಸವರಿಕೊಂಡು, ಮಗುವಿಗೆ ತೋರಿಸಿ, 'ಮಾಡ್ಲಾ ಪುಟ್ಟಾ?' ಅಂತ ಕೇಳಬೇಕು. ಮುಖ ತಿರುಗಿಸಿದರೆ, ಅತ್ತರೆ, ಅವತ್ತಿಗೆ ಮುಗೀತು. ನಮ್ಮಲ್ಲಿ? 'ಅಳ್ಲಿ ಬಿಡು, ಗಟ್ಟಿಯಾಗತ್ತೆ'. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು ಅಂತ ಮಕ್ಕಳ ಡಾಕ್ಟರುಗಳು ಬಡ್ಕೊಂಡರೂ ಎಷ್ಟೋ ಮನೆಗಳಲ್ಲಿ ಎರಡು ತೊಟ್ಟು ಬಿಡೋದು ನಿಂತಿಲ್ಲ. ಇನ್ನು ಅಪ್ಪ ಅನ್ನೋ ಪ್ರಾಣಿಗೆ ಬಚ್ಚಲ ಬಾಗಿಲ ಹೊರಗೆ ಟವೆಲ್ ಹಿಡ್ಕೊಂಡು ನಿಲ್ಲೋದಷ್ಟೇ ಕೆಲಸ!

ನನಗೆ ಕಸಿವಿಸಿ ಆಗೋದು ದುಡ್ಡಿನ ವಿಷಯದಲ್ಲಿ. ವಾರಾಂತ್ಯದ ಕ್ಲಾಸಿಗೆ ಸಾವಿರಗಟ್ಟಲೆ ಕೊಡ್ತೀವಿ, ಚೌಕಾಸಿ ಇಲ್ಲ, ಕಾರ್ಡು ಉಜ್ಜಿದ್ರಾಯ್ತು. ಮನೆಗೆ ಬಂದು ಎರೆಯೋ ಅಮ್ಮ ಬೆಳಿಗ್ಗೆ ಆರಕ್ಕೆ ಬಸ್ಸು ಹಿಡಿದು ಬರ್ತಾರೆ. ಅವರ ಹತ್ರ ಮಾತ್ರ ನೂರು ರೂಪಾಯಿಗೂ ಎಳೆದಾಟ, ಕೊನೇ ದಿನ ಒಂದು ಸೀರೆ ಕೊಟ್ಟು ಕೈ ತೊಳ್ಕೋತೀವಿ. ಎಷ್ಟು ಕೂಸುಗಳಿಗೆ ಎರೆದ ಕೈಗಳವು! ಕ್ಲಾಸು ನಡೆಸೋರು ಇವರನ್ನೇ ಯಾಕೆ ಕರೆಯಬಾರದು? ಮೂಗಿಗೆ ಎಣ್ಣೆ ಬಿಡೋದೊಂದನ್ನ ಬಿಡಿಸಿ, ಕೈಗೆ ಗೊಂಬೆ ಕೊಟ್ಟು, ಫೀಸಿನಲ್ಲಿ ಸರಿಯಾದ ಪಾಲೂ ಕೊಡಲಿ.

ಅಂಥ ಕ್ಲಾಸು ಯಾರಾದ್ರೂ ಶುರು ಮಾಡಿದರೆ ಹೇಳಿ, ನನ್ನ ಹೆಸರು ಮೊದಲು ಬರ್ಕೊಳ್ಳಿ. ಹೆಂಡತಿಗೆ ಈಗ ಏಳು ತಿಂಗಳು. ಅಂದ ಹಾಗೆ, ನಿಮ್ಮೂರ ಕಡೆ ಎರೆಯೋರಿಗೆ ಈಗ ಎಷ್ಟು ಕೊಡ್ತಾರೆ?