ನೆಗಡಿಗೆ ಮೂಗು ಕೊಯ್ಯುವ ಕಂಪ್ಯೂಟರ್ ವೈದ್ಯರು

ಶಿರಹಟ್ಟಿಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ನಮ್ಮ ಅಣ್ಣನ ಮನೆಯ ಕಂಪ್ಯೂಟರಿಗೆ ವೈರಸ್ ಬಂತು. ವೈರಸ್ ಹೋಯಿತು. ಅದರ ಬೆನ್ನಿಗೇ ಎರಡು ವರ್ಷದ ಉದ್ರಿ ಲೆಕ್ಕವೂ ಹೋಯಿತು. ಈಗ ಅಣ್ಣ ಗಿರಾಕಿಗಳನ್ನೇ ಕೇಳುತ್ತಾನೆ: “ನಿಮ್ಮದು ಎಷ್ಟು ಬಾಕಿ ಐತ್ರಿ?” ಪ್ರಾಮಾಣಿಕರು ಹೇಳುತ್ತಾರೆ. ಉಳಿದವರು ನಕ್ಕು ಮುಂದೆ ಹೋಗುತ್ತಾರೆ.

ಆದದ್ದು ಇಷ್ಟು. ಅಣ್ಣನ ಮಗಳು ಕಾಲೇಜಿನ ಅರ್ಜಿ ಪ್ರಿಂಟ್ ತೆಗೆಸಲು ಪೆನ್‌ಡ್ರೈವ್ ಒಯ್ದು ಜೆರಾಕ್ಸ್ ಅಂಗಡಿಗೆ ಹೋಗಿ ಬಂದಳು. ಉದ್ರಿ ಲೆಕ್ಕದ ನಕಲು ಇದ್ದದ್ದೂ ಅದೇ ಪೆನ್‌ಡ್ರೈವಿನಲ್ಲಿ. ಮನೆಯ ಕಂಪ್ಯೂಟರಿಗೆ ಹಾಕಿ ನೋಡಿದರೆ ಫೋಲ್ಡರುಗಳೆಲ್ಲ ಮಾಯ. ಅವುಗಳ ಜಾಗದಲ್ಲಿ ಅದೇ ಹೆಸರಿನ, ಮೂಲೆಯಲ್ಲಿ ಸಣ್ಣ ಬಾಣದ ಗುರುತಿನ ಶಾರ್ಟ್‌ಕಟ್‌ಗಳು. ಗಾಬರಿಯಿಂದ ಒಂದೊಂದನ್ನೂ ಒತ್ತಿ ನೋಡಿದಳು. ಪಿಡುಗು ಕಂಪ್ಯೂಟರಿನ ಒಳಗೂ ಹೊಕ್ಕಿತು.

ಮರುದಿನ ಅಣ್ಣ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಬಸ್ ಹತ್ತಿದ. ರಿಪೇರಿ ಹುಡುಗ ನೋಡಿದ್ದು ಐದು ನಿಮಿಷ. “ಭಾಳ ವೈರಸ್ ಅದಾವ ಕಾಕಾ, ಫಾರ್ಮ್ಯಾಟ್ ಹೊಡೀಬೇಕು” ಅಂದ. ಕಂಪ್ಯೂಟರಿಗೂ ಹೊಡೆದ, ಪೆನ್‌ಡ್ರೈವಿಗೂ ಹೊಡೆದ. ಅಸಲೂ ಹೋಯಿತು, ನಕಲೂ ಹೋಯಿತು. ಮೇಲೆ ಏಳು ನೂರು ರೂಪಾಯಿ ಎಣಿಸಿಕೊಂಡ. ಒಳಗೆ ಏನಾದರೂ ಬೇಕಾದದ್ದು ಇದೆಯೇ ಎಂದು ಒಂದು ಮಾತು ಕೇಳಲಿಲ್ಲ. ಕೇಳಬೇಕೆಂಬುದು ನಮ್ಮ ಅಣ್ಣನಿಗೂ ಗೊತ್ತಿರಲಿಲ್ಲ.

ಇದನ್ನು ಗದುಗಿನಲ್ಲಿ ಡಿಟಿಪಿ ಕೆಲಸ ಮಾಡುವ ಪರಿಚಯದವರೊಬ್ಬರ ಮುಂದೆ ಹೇಳಿದೆವು. ಅವರು ಹಣೆ ಬಡಿದುಕೊಂಡರು. ಅದೇ ರೋಗದ ಇನ್ನೊಂದು ಪೆನ್‌ಡ್ರೈವನ್ನು ಡ್ರಾವರಿನಿಂದ ತೆಗೆದರು. ಮೊದಲು ಸ್ಕ್ಯಾನ್ ಮಾಡಿದರು. ಆಮೇಲೆ ಫೋಲ್ಡರ್ ಆಯ್ಕೆಗಳಿಗೆ ಹೋಗಿ, ಅಡಗಿದ ಫೈಲುಗಳನ್ನು ತೋರಿಸು ಎಂಬಲ್ಲಿ ಗುರುತು ಹಾಕಿದರು. ಸಿಸ್ಟಂ ಫೈಲುಗಳನ್ನು ಮರೆಮಾಡು ಎಂಬಲ್ಲಿನ ಗುರುತು ತೆಗೆದರು. ಮಸುಕು ಬಣ್ಣದಲ್ಲಿ ಫೋಲ್ಡರುಗಳೆಲ್ಲ ಸಾಲಾಗಿ ನಿಂತವು! ಈ ಜಾತಿಯ ವೈರಸ್ ಫೈಲು ಅಳಿಸುವುದಿಲ್ಲ, ಅಡಗಿಸಿ ಇಡುತ್ತದೆ. ಹತ್ತು ನಿಮಿಷದ ಕೆಲಸಕ್ಕೆ ಎರಡು ವರ್ಷದ ಲೆಕ್ಕ ಬಲಿ. ನೆಗಡಿ ಬಂತೆಂದು ಮೂಗು ಕೊಯ್ಯುವುದು ಅಂದರೆ ಇದೇ ಅಲ್ಲವೇ?

ಮೊದಲು ನಾಡಿ ಹಿಡಿಯಿರಿ

ಕಪ್ಪತಗುಡ್ಡದ ಬೇರು ತಂದು ಕೊಡುವ ನಾಟಿ ವೈದ್ಯ ಕೂಡ ಮೊದಲು ನಾಡಿ ನೋಡುತ್ತಾನೆ. ಕಂಪ್ಯೂಟರ್ ನಿಧಾನ ಆಯಿತೆಂದರೆ ವೈರಸ್ಸೇ ಎಂದು ತಿಳಿಯಬ್ಯಾಡ್ರಿ. ಡಿಸ್ಕು ತುಂಬಿರಬಹುದು, ಇಲ್ಲವೇ ಸವೆದಿರಬಹುದು. ಮುಂಡರಗಿ ಕಡೆಯ ಗಾಳಿಗೆ ಫ್ಯಾನಿನಲ್ಲಿ ಧೂಳು ಕೂತು ಬಿಸಿಯಾಗುತ್ತಿರಬಹುದು. ವಿಂಡೋಸ್ ತನ್ನಷ್ಟಕ್ಕೆ ಅಪ್‌ಡೇಟ್ ಇಳಿಸಿಕೊಳ್ಳುತ್ತಿರಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೂಡಿಸಿ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಯಾವ ಪ್ರೋಗ್ರಾಂ ಎಷ್ಟು ಉಣ್ಣುತ್ತಿದೆ ಎಂಬುದನ್ನು ಅಲ್ಲಿ ಕಣ್ಣಾರೆ ನೋಡಬಹುದು.

ಅನುಮಾನ ಪಡಬೇಕಾದ ಲಕ್ಷಣಗಳು ಬೇರೆ. ರಕ್ಷಣೆಯ ಪ್ರೋಗ್ರಾಂ ತಾನಾಗಿ ಬಂದ್ ಆಗಿ, ಚಾಲೂ ಮಾಡಿದರೂ ಆಗದಿರುವುದು. ಇಂಟರ್‌ನೆಟ್ ತೆರೆದರೆ ನೀವು ಕೇಳದ ಪುಟ ಬರುವುದು. ಹಾಕಿಸದ ಪ್ರೋಗ್ರಾಂ ಕಾಣಿಸುವುದು. ನೀವು ಕಳಿಸದ ಮೇಲ್ ಪರಿಚಯದವರಿಗೆ ಮುಟ್ಟುವುದು. ಫೈಲಿನ ಹೆಸರಿಗೆ ವಿಚಿತ್ರ ಬಾಲ ಹತ್ತಿ, ರೊಕ್ಕ ಕೊಡು ಎಂಬ ಚೀಟಿ ಬಂದರಂತೂ ಅದು ಫೈಲಿಗೆ ಬೀಗ ಹಾಕುವ ಜಾತಿ, ಎಲ್ಲಕ್ಕಿಂತ ಕೆಟ್ಟದ್ದು. ಅದಕ್ಕೆ ರೊಕ್ಕ ಕೊಟ್ಟರೂ ಬೀಗ ತೆಗೆಯುವ ಖಾತ್ರಿ ಇಲ್ಲ.

ಮದ್ದು ಮನೆಯಲ್ಲೇ ಇದೆ

ವಿಂಡೋಸ್ 10 ಮತ್ತು 11ರ ಒಳಗೆ ಡಿಫೆಂಡರ್ ಎಂಬ ರಕ್ಷಕ ಪುಕ್ಕಟೆಯಾಗಿ ಕೂತಿದ್ದಾನೆ. ಅನುಮಾನ ಬಂದ ಕೂಡಲೇ ಆ ಕಂಪ್ಯೂಟರಿನಲ್ಲಿ ಬ್ಯಾಂಕಿನ ಕೆಲಸ ನಿಲ್ಲಿಸಿ. ಡಿಫೆಂಡರನ್ನು ಅಪ್‌ಡೇಟ್ ಮಾಡಿ ಫುಲ್ ಸ್ಕ್ಯಾನ್ ಕೊಡಿ. ಕ್ವಿಕ್ ಸ್ಕ್ಯಾನಿಗೆ ತೃಪ್ತಿ ಪಡಬೇಡಿ. ಫುಲ್ ಸ್ಕ್ಯಾನಿಗೆ ತಾಸುಗಟ್ಟಲೆ ಹಿಡಿದೀತು, ಹಿಡಿಯಲಿ. ಅಷ್ಟಕ್ಕೂ ಜಗ್ಗದಿದ್ದರೆ ಆಫ್‌ಲೈನ್ ಸ್ಕ್ಯಾನ್ ಎಂಬುದಿದೆ. ಕಂಪ್ಯೂಟರ್ ಮರುಚಾಲೂ ಆಗಿ, ವಿಂಡೋಸ್ ಏಳುವ ಮೊದಲೇ ಸುಮಾರು ಕಾಲು ತಾಸು ಶೋಧಿಸುತ್ತದೆ. ಕೇಂದ್ರ ಸರಕಾರದ ಸರ್ಟ್-ಇನ್ ಸಂಸ್ಥೆ 2017ರ ಫೆಬ್ರವರಿಯಲ್ಲಿ ಸೈಬರ್ ಸ್ವಚ್ಛತಾ ಕೇಂದ್ರ ತೆರೆದು ಇಂಥ ಪಿಡುಗು ತೆಗೆಯುವ ಸಾಧನಗಳನ್ನು ಉಚಿತವಾಗಿ ಕೊಟ್ಟಿದೆ. ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ಗುಣವಾದ ಮೇಲೆ ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿ. ಫಾರ್ಮ್ಯಾಟ್ ಎಂಬುದು ಕಟ್ಟಕಡೆಯ ಮದ್ದು. ಅದೂ ಲೆಕ್ಕ, ಫೋಟೋ, ಕಾಗದಪತ್ರಗಳನ್ನು ಬೇರೆ ಕಡೆ ತೆಗೆದಿಟ್ಟ ಮೇಲೆ.

ಪಿಡುಗಿನ ದಾರಿ

1986ರಲ್ಲಿ ಲಾಹೋರಿನ ಅಣ್ಣತಮ್ಮಂದಿರಿಬ್ಬರು ಬರೆದ ‘ಬ್ರೇನ್’ ವೈರಸ್ ಫ್ಲಾಪಿ ಮೇಲೆ ಕೂತು ದೇಶ ಸುತ್ತಿತು. ಫ್ಲಾಪಿ ಹೋಯಿತು, ಪೆನ್‌ಡ್ರೈವ್ ಬಂತು, ದಾರಿ ಮಾತ್ರ ಅದೇ. ಗದಗ ಮುದ್ರಣದ ಊರು. ಲಕ್ಷ್ಮೇಶ್ವರದ ಲಗ್ನಪತ್ರಿಕೆ, ಬೆಟಗೇರಿಯ ಸೀರೆ ಅಂಗಡಿಯ ಹ್ಯಾಂಡ್‌ಬಿಲ್ಲು ಪೆನ್‌ಡ್ರೈವ್ ಏರಿಯೂ ಪ್ರೆಸ್ಸಿಗೆ ಬರುತ್ತವೆ. ಒಂದು ಅಂಗಡಿಯ ಕಂಪ್ಯೂಟರಿಗೆ ರೋಗ ಇದ್ದರೆ ಸಂಜೆಯೊಳಗೆ ನಾಲ್ಕು ಊರಿಗೆ ಬಸ್ಸಿನಲ್ಲೇ ಮುಟ್ಟುತ್ತದೆ.

ಎರಡನೆಯ ದಾರಿ ಕಳ್ಳ ನಕಲು. ಪುಕ್ಕಟೆ ಸಿಕ್ಕಿತೆಂದು ‘ಕ್ರ್ಯಾಕ್’ ಮಾಡಿದ ಸಾಫ್ಟ್‌ವೇರ್ ಹಾಕಿಸಿಕೊಳ್ಳುತ್ತೇವೆ. ಅಪ್‌ಡೇಟ್ ಬಂದ್ ಮಾಡಿಸುತ್ತೇವೆ. 2017ರ ಮೇ ತಿಂಗಳಲ್ಲಿ ‘ವಾನ್ನಾಕ್ರೈ’ 150ರಷ್ಟು ದೇಶಗಳಲ್ಲಿ ಹಾವಳಿ ಎಬ್ಬಿಸಿತಲ್ಲ, ಅದನ್ನು ತಡೆಯುವ ಅಪ್‌ಡೇಟನ್ನು ಕಂಪನಿ ಮಾರ್ಚಿನಲ್ಲೇ ಕೊಟ್ಟಿತ್ತು! ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಉಚಿತ ಅಪ್‌ಡೇಟ್ ನಿಂತಿದೆ. ಹಳೆಯದನ್ನೇ ಇಟ್ಟುಕೊಂಡವರು ಎಚ್ಚರ.

ಮೂರನೆಯವನು ವೈರಸ್ಸೇ ಅಲ್ಲ, ಮನುಷ್ಯ. ಪರದೆಯ ಮೇಲೆ ಸೈರನ್ ಕೂಗಿ, “ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ” ಎಂಬ ಬರಹ ಬರುತ್ತದೆ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಯಲ್ಲಿ ಫೋನ್ ನಂಬರ್ ಕೊಡುವುದೇ ಇಲ್ಲ. ಅದು ಮೋಸ. ರೊಕ್ಕ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು.

ನಮ್ಮ ಮಾತು ಇಷ್ಟೇ. ಜೆರಾಕ್ಸ್, ಡಿಟಿಪಿ ಅಂಗಡಿಯವರು ಗಿರಾಕಿಯ ಪೆನ್‌ಡ್ರೈವನ್ನು ಸ್ಕ್ಯಾನ್ ಮಾಡದೆ ತೆರೆಯಬಾರದು. ರಿಪೇರಿಯವರು ಫಾರ್ಮ್ಯಾಟ್ ಮಾಡುವ ಮೊದಲು, ಏನೇನು ಹೋಗುತ್ತದೆ ಎಂದು ಚೀಟಿ ಬರೆದು ಗಿರಾಕಿಯ ಸಹಿ ತೆಗೆದುಕೊಳ್ಳಲಿ. ಜಿಲ್ಲಾ ಆಡಳಿತ ತಾಲೂಕು ಗ್ರಂಥಾಲಯಗಳಲ್ಲಿ ವರ್ಷಕ್ಕೊಂದು ದಿನ ಇದನ್ನು ಅಂಗಡಿಕಾರರಿಗೆ ಕಲಿಸಿಕೊಟ್ಟರೆ ಖರ್ಚೇನೂ ಬಹಳ ಬರುವುದಿಲ್ಲ. ಸಂಬಂಧಪಟ್ಟವರು ಇತ್ತ ಗಮನ ಕೊಡುವರೇ?

ಕೊಡುವ ತನಕ ಕಾಯಬೇಡಿ. ಇವತ್ತು ರಾತ್ರಿ ಅಂಗಡಿ ಮುಚ್ಚಿದ ಮೇಲೆ ಲೆಕ್ಕದ ಇನ್ನೊಂದು ನಕಲು ತೆಗೆದು ಕಪಾಟಿನಲ್ಲಿ ಇಡಿ. ಆ ಪೆನ್‌ಡ್ರೈವ್ ಜೆರಾಕ್ಸ್ ಅಂಗಡಿಯ ಮುಖ ನೋಡಕೂಡದು. ಅಣ್ಣನಿಗೆ ಈ ಬುದ್ಧಿ ಬರಲು ಎರಡು ವರ್ಷದ ಉದ್ರಿ ಖರ್ಚಾಯಿತು. ನಿಮಗೆ ಈ ಪತ್ರಿಕೆಯ ಬೆಲೆಯಷ್ಟೇ.