ಧೈರ್ಯ ಹೇಳುವ ಮೊದಲು ಲೆಕ್ಕ ಹೇಳೋಣ

ಇಲ್ಲಿ ಏನಾದರೂ ಬರೆದು ಎರಡು ತಿಂಗಳ ಮೇಲಾಯಿತು. ಅಡಿಕೆ ಕೊಯ್ಲು, ಜನ ಸಿಗುವುದಿಲ್ಲ, ಕರೆಂಟು ಇಲ್ಲ ಅಂತೆಲ್ಲ ಸಬೂಬು ಹೇಳಬಹುದು. ನಿಜ ಸಂಗತಿ ಅದಲ್ಲ. ಒಂದು ವಿಷಯ ಮನಸ್ಸನ್ನು ಕೊರೆಯುತ್ತಿತ್ತು, ಅದನ್ನು ಬಿಟ್ಟು ಬೇರೆ ಏನನ್ನೂ ಬರೆಯಲು ಕೈ ಬರಲಿಲ್ಲ. ಕೊನೆಗೆ ಮಗನನ್ನೇ ಕೇಳಿದೆ. "ನನ್ನ ಹೆಸರು, ಕಂಪೆನಿ ಹೆಸರು ಹಾಕದೆ ಬರೆಯಿರಿ ಅಪ್ಪ. ನನ್ನ ಹಾಗೆ ಇರುವವರು ತುಂಬಾ ಜನ ಇದ್ದಾರೆ" ಅಂದ. ಹಾಗಾಗಿ ಬರೆಯುತ್ತಿದ್ದೇನೆ.

ಮಗನಿಗೆ ಈಗ 45. 2002ರಲ್ಲಿ ಇಂಜಿನಿಯರಿಂಗ್ ಮುಗಿಸಿದ. ಆಗ ಅಮೆರಿಕದ ಡಾಟ್ ಕಾಮ್ ಗುಳ್ಳೆ ಒಡೆದು ಎರಡು ವರ್ಷವಾಗಿತ್ತು, ಕೆಲಸ ಸಿಗಲು ಮತ್ತೊಂದು ವರ್ಷ ಕಾದ. 2008ರ ಹಿಂಜರಿತದಲ್ಲೂ ಬಚಾವಾದ. 2020ರ ಕೊರೋನಾದಲ್ಲಿ ನಮ್ಮ ಮನೆಯ ಮಾಳಿಗೆಯಲ್ಲಿ ಕೂತು ಕೆಲಸ ಮಾಡಿದ. ಇಷ್ಟೆಲ್ಲ ದಾಟಿದವನಿಗೆ ಇನ್ನೇನು ಭಯ ಅಂತ ನಾವು ಇದ್ದೆವು.

ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ಬಂದ. ನಮ್ಮ ಸ್ಟೇಷನ್ನಿನ ಹೆಸರು ಕಬಕ ಪುತ್ತೂರು. ಹೆಸರಿನಲ್ಲಿ ಕಬಕ ಮುಂದೆ ಇದ್ದರೂ ಸ್ಟೇಷನ್ ಇರುವುದು ಪುತ್ತೂರು ಪೇಟೆಯ ಹತ್ತಿರವೇ, ಹಾಗಾಗಿ ರಿಕ್ಷಾ ಹಿಡಿದು ವಾಪಸು ಕಬಕಕ್ಕೆ ಬರಬೇಕು. ಸೊಸೆ, ಮಕ್ಕಳು ಬರಲಿಲ್ಲ. "ರಜೆ ಬಾಕಿ ಇತ್ತು, ಹಾಗೆ ಬಂದೆ" ಅಂದ. ದಿನಾ ಬೆಳಗ್ಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಲ್ಯಾಪ್‌ಟಾಪ್ ಹಿಡಿದು ಮಾಳಿಗೆಗೆ ಹೋಗುತ್ತಿದ್ದ. ರಜೆಯಲ್ಲೂ ಕೆಲಸ ಬಿಡುವುದಿಲ್ಲವಲ್ಲ ಇವರ ಕಂಪೆನಿ ಅಂತ ನಾನು ಒಳಗೊಳಗೇ ಬೈದುಕೊಂಡೆ.

ಒಂದು ವಾರ ಕಳೆದ ಮೇಲೆ ಒಂದು ರಾತ್ರಿ ನನ್ನವಳು ಕೇಳಿದಳು, "ನೀವು ಗಮನಿಸಿದಿರಾ? ಅವನ ಫೋನಿಗೆ ಒಂದು ಕರೆಯೂ ಬರುವುದಿಲ್ಲ."

ಹೌದಲ್ಲ! ಹಿಂದೆಲ್ಲ ಬಂದರೆ ಊಟಕ್ಕೆ ಕೂತಾಗಲೂ ಫೋನು. ಎಡಗೈಯಲ್ಲಿ ಫೋನು ಹಿಡಿದು ಬಲಗೈಯಲ್ಲಿ ಉಣ್ಣುತ್ತಿದ್ದ. ಅದಕ್ಕಾಗಿ ನಾನು ಎಷ್ಟು ಸಲ ಗದರಿಸಿದ್ದೇನೋ ಲೆಕ್ಕವಿಲ್ಲ. ಈಗ ಮನೆ ನಿಶ್ಶಬ್ದ. ನನಗೆ ಅದು ಹೊಳೆಯಲೇ ಇಲ್ಲ, ಅವಳಿಗೆ ಹೊಳೆಯಿತು.

ಮಾರನೇ ದಿನ ಅಂಗಳದಲ್ಲಿ ಅಡಿಕೆ ಮಗುಚುತ್ತಿದ್ದೆ. ಚಾಲಿ ಆಗಬೇಕಾದರೆ ನಲವತ್ತು, ನಲವತ್ತೈದು ದಿನದ ಬಿಸಿಲು ಬೇಕು. ಅವನೂ ಬಂದು ಜೊತೆಗೆ ನಿಂತ. ನಾನು ಮುಖ ನೋಡದೆ ಕೇಳಿದೆ. ಅವನೂ ಮುಖ ನೋಡದೆ ಹೇಳಿದ. ಆಗಸ್ಟಿನಲ್ಲೇ ಹೋಗಿತ್ತು ಕೆಲಸ! ಕರೆದು ಕೂರಿಸಿ, ರಾಜೀನಾಮೆ ಕೊಟ್ಟರೆ ಮೂರು ತಿಂಗಳ ಸಂಬಳ, ಇಲ್ಲವಾದರೆ ಅದೂ ಇಲ್ಲ ಅಂದರಂತೆ. ಸಹಿ ಹಾಕಿ ಬಂದಿದ್ದಾನೆ. ನಾಲ್ಕು ತಿಂಗಳು ಪ್ರತಿ ಭಾನುವಾರ ನಮ್ಮ ಹತ್ತಿರ "ಎಲ್ಲಾ ಆರಾಮ" ಅಂತ ಹೇಳಿದ್ದಾನೆ.

ನಾನು ಎಂತ ಹೇಳಿದೆ ಗೊತ್ತೆ? ಎಲ್ಲ ಅಪ್ಪಂದಿರೂ ಹೇಳುವುದನ್ನೇ. "ಹೆದರಬೇಡ, ತೋಟ ಉಂಟಲ್ಲ."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ, "ಅಪ್ಪ, ತೋಟದಲ್ಲಿ ಎಷ್ಟು ಸಿಗುತ್ತದೆ?"

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೈಸ್ಕೂಲಿನಲ್ಲಿ ಲೆಕ್ಕ ಪಾಠ ಮಾಡಿದ ನನ್ನ ಬಾಯಲ್ಲಿ ಉತ್ತರ ಇರಲಿಲ್ಲ ಮಾರಾಯ್ರೆ.

ಅವತ್ತು ರಾತ್ರಿ ಪುಸ್ತಕ ತೆಗೆದು ಕೂತೆ. ಒಂದೂವರೆ ಎಕರೆ, ಸುಮಾರು 800 ಮರ. ಹೋದ ವರ್ಷ ಮಳೆ ಬಿಡಲಿಲ್ಲ, ಮೈಲುತುತ್ತು ಬಿಡಲು ಜನ ಸಿಗಲಿಲ್ಲ, ಕೊಳೆರೋಗದಲ್ಲಿ ಒಂದಷ್ಟು ಉದುರಿತು. ಸಿಕ್ಕಿದ್ದು 11 ಕ್ವಿಂಟಾಲ್ ಚಾಲಿ. ಸರಾಸರಿ ಕಿಲೋಗೆ 440 ರೂಪಾಯಿಯ ಹಾಗೆ 4,84,000. ಮದ್ದು, ಗೊಬ್ಬರ, ಕೊಯ್ಲು, ಸುಲಿಯುವ ಕೂಲಿ, ಹುಲ್ಲು ತೆಗೆಸಿದ್ದು, ಪಂಪು ರಿಪೇರಿ ಎಲ್ಲ ಸೇರಿ 1,90,000. ಉಳಿದದ್ದು 2,94,000. ಅಂದರೆ ತಿಂಗಳಿಗೆ 24,500. ಮಗನ ಮನೆ ಸಾಲದ ಕಂತು ತಿಂಗಳಿಗೆ 58,000. ಇಬ್ಬರು ಮಕ್ಕಳ ಶಾಲೆಯ ಫೀಸು ಬೇರೆ.

ನಾನು ಧೈರ್ಯ ಅಂತ ಹೇಳಿದ್ದು ಅವನ ಕಂತಿನ ಅರ್ಧಕ್ಕೂ ಸಾಲುವುದಿಲ್ಲ! ಅದೂ ನಾವಿಬ್ಬರು ಒಂದು ಪೈಸೆ ಖರ್ಚು ಮಾಡದೆ ಇದ್ದರೆ.

ಹೊಸ ತೋಟ ಹಾಕಬಹುದಲ್ಲ ಅನ್ನಬಹುದು ಯಾರಾದರೂ. ಅಡಿಕೆ ಸಸಿ ನೆಟ್ಟರೆ ಮೊದಲ ಫಸಲಿಗೆ ಐದಾರು ವರ್ಷ, ಪೂರ್ತಿ ಫಸಲಿಗೆ ಇನ್ನೂ ಕೆಲವು ವರ್ಷ. 45ರಲ್ಲಿ ನೆಟ್ಟರೆ ಕೈ ತುಂಬುವುದು 55ರ ಹತ್ತಿರ. ಅದೂ ರೋಗ ಬಾರದೆ ಇದ್ದರೆ. ಸುಳ್ಯ ತಾಲೂಕಿನ ಸಂಪಾಜೆ, ಅರಂತೋಡು, ಮರ್ಕಂಜದ ಕಡೆ ಹಳದಿ ಎಲೆ ರೋಗಕ್ಕೆ ತೋಟಕ್ಕೆ ತೋಟವೇ ಹೋದದ್ದನ್ನು ನಾವು ಕಂಡಿದ್ದೇವೆ. ಈಗ ಎಲೆಚುಕ್ಕಿ ರೋಗ ಬೇರೆ. ಸಾಫ್ಟ್‌ವೇರ್ ಕಂಪೆನಿ ಮೂರು ತಿಂಗಳ ಸಂಬಳವಾದರೂ ಕೊಡುತ್ತದೆ, ಹಳದಿ ರೋಗ ಅದನ್ನೂ ಕೊಡುವುದಿಲ್ಲ.

ಇದು ನನ್ನ ಮನೆಯೊಂದರ ಕತೆಯಾದರೆ ಬರೆಯುತ್ತಿರಲಿಲ್ಲ. 2025ರ ಜುಲೈಯಲ್ಲಿ ದೇಶದ ಅತಿ ದೊಡ್ಡ ಸಾಫ್ಟ್‌ವೇರ್ ಕಂಪೆನಿ ಟಿ.ಸಿ.ಎಸ್. ತನ್ನ ನೌಕರರಲ್ಲಿ ಶೇಕಡಾ 2 ಮಂದಿಯನ್ನು, ಅಂದರೆ ಸುಮಾರು 12,000 ಜನರನ್ನು ತೆಗೆಯುವುದಾಗಿ ಹೇಳಿತು. (ನನ್ನ ಮಗನ ಕಂಪೆನಿ ಅದಲ್ಲ.) ಅದರಲ್ಲಿ ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ಹಂತದವರು. ಅಂದರೆ ನಲವತ್ತರ ಆಸುಪಾಸಿನವರು, ಸಾಲ ಅರ್ಧ ತೀರಿದವರು, ಮಕ್ಕಳು ಹೈಸ್ಕೂಲಿನಲ್ಲಿ ಇರುವವರು, ಊರಲ್ಲಿ ನಮ್ಮಂಥ ಮುದುಕರು ಇರುವವರು. ನನ್ನ ಮಗಳದ್ದು ಇನ್ನೊಂದು ಬಗೆ. ಅವಳು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಹದಿನಾಲ್ಕು ವರ್ಷದಿಂದ ಅತಿಥಿ! ವರ್ಷ ವರ್ಷ ಹೊಸ ಅರ್ಜಿ, ಹೊಸ ಪಟ್ಟಿ.

ಕಾನೂನು ಏನು ಮಾಡುತ್ತದೆ ಅಂತಲೂ ನೋಡಿದೆ. ಕೈಗಾರಿಕಾ ಉದ್ಯೋಗಗಳ ಸ್ಥಾಯಿ ಆದೇಶಗಳ ಕಾಯ್ದೆ ಅಂತ 1946ರದ್ದು ಒಂದಿತ್ತು. ಕೆಲಸದ ನಿಯಮ, ತೆಗೆಯುವ ಕ್ರಮ ಎಲ್ಲ ಬರಹದಲ್ಲಿ ಇರಬೇಕು ಅಂತ ಅದು ಹೇಳುತ್ತಿತ್ತು. ನಮ್ಮ ರಾಜ್ಯ ಸಾಫ್ಟ್‌ವೇರ್ ಕಂಪೆನಿಗಳಿಗೆ ಅದರಿಂದ ವಿನಾಯಿತಿ ಕೊಡುತ್ತಲೇ ಬಂತು, 2024ರಲ್ಲಿ ಮತ್ತೆ ಐದು ವರ್ಷಕ್ಕೆ ಕೊಟ್ಟಿತು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಕೆಲಸದಿಂದ ತೆಗೆದರೆ ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳ ಪರಿಹಾರ ಅನ್ನುವ ನಿಯಮ ಹಿಂದೆಯೂ ಇತ್ತು, ಈಗಲೂ ಉಂಟು. ಆದರೆ ಅದು "ಕಾರ್ಮಿಕ"ರಿಗೆ. ಮ್ಯಾನೇಜರ್ ಕೆಲಸ ಮಾಡುವವರು ಆ ಶಬ್ದದ ಹೊರಗೆ. ಮಗನಿಗೆ ಮ್ಯಾನೇಜರ್ ಅಂತ ಬಡ್ತಿ ಸಿಕ್ಕಿದಾಗ ನಾನು ಪುತ್ತೂರಿನಿಂದ ಸ್ವೀಟ್ ತಂದು ಅಕ್ಕಪಕ್ಕದ ಮನೆಗೆಲ್ಲ ಹಂಚಿದ್ದೆ. ಆ ಬಡ್ತಿಯೇ ಅವನನ್ನು ಕಾನೂನಿನ ಮಾಡಿನಿಂದ ಹೊರಗೆ ಹಾಕಿತು ಅಂತ ನನಗೆ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಇದನ್ನು ಸರಿಪಡಿಸಿ ಅಂತ ಸರಕಾರವನ್ನು ಕೇಳಬೇಕು, ಕೇಳುವವರೂ ಇದ್ದಾರೆ. ಬೆಂಗಳೂರಿನಲ್ಲಿ 2017ರಿಂದ ಐಟಿ ನೌಕರರದ್ದೇ ಒಂದು ಸಂಘ ಉಂಟು.

ಆದರೆ ಸರಕಾರ, ಕಂಪೆನಿ ಎಲ್ಲ ನನ್ನ ಕೈಯಲ್ಲಿ ಇಲ್ಲ. ನನ್ನ ಕೈಯಲ್ಲಿ ಇರುವುದು ನನ್ನ ಮನೆ. ನನ್ನನ್ನು ಕೊರೆದ ಪ್ರಶ್ನೆ ಅದು. ನಾಲ್ಕು ತಿಂಗಳು ಅವನು ನಮ್ಮಿಂದ ಮುಚ್ಚಿಟ್ಟದ್ದು ಯಾಕೆ?

ಕೇಳಿದೆ. "ನೀವು ಯಾರ ಮದುವೆಗೆ ಹೋದರೂ ನನ್ನ ಕೆಲಸದ ವಿಷಯ ಹೇಳುತ್ತೀರಿ ಅಪ್ಪ. ಇನ್ನು ಎಂತ ಹೇಳುತ್ತೀರಿ ಅಂತ ಅನ್ನಿಸಿತು" ಅಂದ.

ಹೌದು, ಹೇಳುತ್ತಿದ್ದೆ. ನಮ್ಮ ಊರಿನಲ್ಲಿ ನಮ್ಮ ಪ್ರಾಯದವರೆಲ್ಲ ಹೇಳುತ್ತೇವೆ. ಊಟದ ಪಂಕ್ತಿಯಲ್ಲಿ ಕೂತರೆ ಮೊದಲ ಪ್ರಶ್ನೆಯೇ "ಮಗ ಎಲ್ಲಿದ್ದಾನೆ?" ಬೆಂಗಳೂರು ಅಂದರೆ "ಯಾವ ಕಂಪೆನಿ?" ಅವನ ಸಂಬಳ ಅವನ ಹೊಟ್ಟೆಪಾಡು ಮಾತ್ರ ಆಗಿರಲಿಲ್ಲ, ನನ್ನ ಮರ್ಯಾದೆಯೂ ಆಗಿತ್ತು. ಕೆಲಸ ಹೋದಾಗ ಅವನು ಎರಡು ಭಾರ ಹೊತ್ತ. ಒಂದು ಅವನದ್ದು, ಇನ್ನೊಂದು ನನ್ನದು.

ಈಗ ನನ್ನ ಅಪ್ಪನ ನೆನಪಾಗುತ್ತದೆ. ಎಪ್ಪತ್ತರ ದಶಕದ ಆರಂಭದಲ್ಲಿ ಅಡಿಕೆ ದರ ಪಾತಾಳಕ್ಕೆ ಬಿದ್ದಿತ್ತು. ಆ ಕಷ್ಟದಲ್ಲೇ ವಾರಣಾಸಿ ಸುಬ್ರಾಯ ಭಟ್ಟರು ಮುಂದೆ ನಿಂತು 1973ರಲ್ಲಿ ಕ್ಯಾಂಪ್ಕೊ ಕಟ್ಟಿದ್ದು. ಅದಕ್ಕೂ ಮೊದಲಿನ ಒಂದು ರಾತ್ರಿ ಅಪ್ಪ ನಮ್ಮನ್ನೆಲ್ಲ ಜಗಲಿಯಲ್ಲಿ ಕೂರಿಸಿ ಲೆಕ್ಕದ ಪುಸ್ತಕ ಓದಿದರು. ಅಂಗಡಿಯ ಬಾಕಿ ಇಷ್ಟು, ಸೊಸೈಟಿಯ ಸಾಲ ಇಷ್ಟು, ಮನೆಯಲ್ಲಿ ಇರುವ ಅಡಿಕೆ ಇಷ್ಟು. ನನಗೆ ಎಂ.ಎಸ್ಸಿ. ಓದುವ ಆಸೆ ಇತ್ತು. ಅಪ್ಪ ಬೇಡ ಅನ್ನಲಿಲ್ಲ, ಲೆಕ್ಕ ಮಾತ್ರ ಓದಿದರು. ನಾನೇ ಬಿ.ಎಡ್. ಮಾಡಿ ಮಾಸ್ಟ್ರು ಆದೆ. ಬೇಸರ ಆಗಿತ್ತು ನಿಜ, ಆದರೆ ಅಪ್ಪನ ಮೇಲೆ ಸಿಟ್ಟು ಬರಲಿಲ್ಲ. ಅವರು ಮುಚ್ಚಿಟ್ಟದ್ದು ಏನೂ ಇರಲಿಲ್ಲವಲ್ಲ.

ನಾನು ಮಾತ್ರ ಮಕ್ಕಳ ಎದುರು ಯಾವತ್ತೂ ಪುಸ್ತಕ ತೆಗೆಯಲಿಲ್ಲ. ಅವರಿಗೆ ಯಾಕೆ ಚಿಂತೆ ಅಂತ. ಮನೆಯ ಲೆಕ್ಕ ಅವರಿಗೆ ನಾನು ಹೇಳಲಿಲ್ಲ, ಅವರ ಲೆಕ್ಕ ನನಗೆ ಅವರು ಹೇಳಲಿಲ್ಲ. ಕಲಿಸಿದವನು ನಾನೇ ಅಲ್ವಾ?

ಹಾಗಾಗಿ ಮಗ ವಾಪಸು ಹೋಗುವ ಮೊದಲು ಜಗಲಿಯಲ್ಲಿ ಕೂತೆವು. ಮಗಳನ್ನೂ ಕರೆಸಿದೆ. ನನ್ನ ಪಿಂಚಣಿ ಎಷ್ಟು, ನಮ್ಮಿಬ್ಬರ ಮದ್ದಿಗೆ ಎಷ್ಟು, ಬ್ಯಾಂಕಿನಲ್ಲಿ ಎಷ್ಟು, ತೋಟದಲ್ಲಿ ಎಷ್ಟು, ಎಲ್ಲ ಹೇಳಿದೆ. ನನ್ನದು ಹಳೆಯ ಪಿಂಚಣಿ. ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಈಚೆಗೆ ಸರಕಾರಿ ಕೆಲಸಕ್ಕೆ ಸೇರಿದವರಿಗೆ ಅದು ಇಲ್ಲ, ಮಗನಂಥವರಿಗಂತೂ ಕೇಳುವುದೇ ಬೇಡ. ನಾನು ಜೀವಂತ ಇರುವಷ್ಟು ದಿನ ಈ ಮನೆಯಲ್ಲಿ ಅನ್ನಕ್ಕೆ ಕೊರತೆ ಇಲ್ಲ, ಆದರೆ ಬೆಂಗಳೂರಿನ ಕಂತು ಕಟ್ಟಲು ನನ್ನಿಂದ ಆಗುವುದಿಲ್ಲ ಅಂತ ಸ್ಪಷ್ಟವಾಗಿ ಹೇಳಿದೆ. ಹೇಳುವಾಗ ಗಂಟಲು ಕಟ್ಟಿತು. ಆದರೆ ಅವನ ಮುಖದಲ್ಲಿ ಏನೋ ಹಗುರಾದದ್ದು ಕಾಣಿಸಿತು. ಅವನೂ ತನ್ನ ಲೆಕ್ಕ ಹೇಳಿದ. ಆ ಮನೆ ಮಾರಿ ಸಾಲ ತೀರಿಸಿ ಬಾಡಿಗೆಗೆ ಹೋಗುವ ಯೋಚನೆ ಇತ್ತಂತೆ. "ನಿಮಗೆ ಬೇಸರ ಆಗುತ್ತದೆ ಅಂತ ಸುಮ್ಮನಿದ್ದೆ" ಅಂದ. ಗೃಹಪ್ರವೇಶಕ್ಕೆ ಊರಿನಿಂದ ಒಂದು ಬಸ್ಸು ಜನ ಕರೆದುಕೊಂಡು ಹೋದವನು ನಾನೇ ತಾನೇ! ಮಾರು ಅಂದೆ. ಈ ಬೇಸಿಗೆಯಲ್ಲಿ ಅಂಗಳಕ್ಕೆ ಶೀಟು ಹಾಕಿಸಬೇಕು ಅಂತ ಅವನ ಹತ್ತಿರ ಹೇಳಿ ಇಟ್ಟಿದ್ದೆ, ಅದೂ ಬೇಡ ಅಂದೆ.

ಮನೆಯ ಲೆಕ್ಕ ಮಕ್ಕಳಿಗೆ ಹೇಳಿದರೆ ಪಾಲಿನ ಜಗಳ ಶುರುವಾಗುತ್ತದೆ ಅಂತ ನನ್ನ ಸ್ನೇಹಿತರೊಬ್ಬರು ಎಚ್ಚರಿಸಿದರು. ಇರಬಹುದು. ಅಂಥ ಮನೆಗಳೂ ಉಂಟು. ಆದರೆ ನಾವು ಹೋದ ಮೇಲೆ ಲೆಕ್ಕ ಗೊತ್ತಾಗಿ ಆಗುವ ಜಗಳ ಇದಕ್ಕಿಂತ ಸಣ್ಣದಲ್ಲ. ಹಣದ ಸುದ್ದಿ ತೆಗೆದರೆ ಕೆಲಸ ಕಳೆದುಕೊಂಡವನ ಮನಸ್ಸು ಇನ್ನೂ ಕುಗ್ಗುತ್ತದೆ ಅಂತಲೂ ಹೇಳುವವರಿದ್ದಾರೆ. ನಾನು ಕಂಡದ್ದು ಬೇರೆ. "ಎಲ್ಲ ಸರಿಯಾಗುತ್ತದೆ" ಅಂತ ನಾವು ಹೇಳಿದರೆ ಅವರು "ಹೌದು" ಅಂತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಇಷ್ಟು ಉಂಟು, ಇಷ್ಟು ಇಲ್ಲ ಅಂದರೆ ಮಾತು ಶುರುವಾಗುತ್ತದೆ.

ಇನ್ನೊಂದು ಮಾತು. ಈ ಲೆಕ್ಕ ಕೆಲಸ ಹೋದ ಮೇಲೆ ಹೇಳುವುದಲ್ಲ. ಮಕ್ಕಳಿಗೆ ನಲವತ್ತು ಆದಾಗ, ಸಂಬಳ ಬರುತ್ತಿರುವಾಗಲೇ ಹೇಳಬೇಕು. ದೊಡ್ಡ ಮನೆ ಕೊಳ್ಳಲು ಹೊರಟಾಗ ಹೇಳಬೇಕು. ನಾನು ಏಳು ವರ್ಷ ತಡ ಮಾಡಿದೆ.

ಮಗನಿಗೆ ಇನ್ನೂ ಕೆಲಸ ಸಿಕ್ಕಿಲ್ಲ. ಎರಡು ಇಂಟರ್‌ವ್ಯೂ ಆಗಿದೆ, ಒಂದರಲ್ಲಿ ಸಂಬಳ ಅರ್ಧ. ನಮಗೆ ರಾತ್ರಿ ನಿದ್ರೆ ಈಗಲೂ ಸರಿಯಾಗಿ ಬರುವುದಿಲ್ಲ. ಆದರೆ ಭಾನುವಾರ ಫೋನು ಮಾಡಿದಾಗ ಅವನು ಈಗ "ಎಲ್ಲಾ ಆರಾಮ" ಅನ್ನುವುದಿಲ್ಲ. ಈ ವಾರ ಇಂಥದ್ದು ಆಗಲಿಲ್ಲ ಅಪ್ಪ, ಮನೆ ನೋಡಲು ಒಬ್ಬರು ಬಂದಿದ್ದರು ಅಂತ ಹೇಳುತ್ತಾನೆ. ಮೊನ್ನೆ ಒಂದು ಮದುವೆಯಲ್ಲಿ ಪಂಕ್ತಿಯಲ್ಲಿ ಪಕ್ಕದವರು ಕೇಳಿದರು, "ಮಗ ಯಾವ ಕಂಪೆನಿಯಲ್ಲಿ?" "ಈಗ ಕೆಲಸ ಇಲ್ಲ, ಹುಡುಕುತ್ತಿದ್ದಾನೆ" ಅಂದೆ. ಅವರು ಸ್ವಲ್ಪ ಹೊತ್ತು ಸಾರು ಅನ್ನ ಕಲಸುತ್ತಾ ಕೂತರು. ಆಮೇಲೆ ಮೆಲ್ಲಗೆ ಹೇಳಿದರು, "ನನ್ನ ಅಳಿಯನದ್ದೂ ಹಾಗೇ ಆಗಿದೆ."

ನಿಮ್ಮ ಮನೆಯಲ್ಲಿ ಹೇಗೆ? ಮಕ್ಕಳಿಗೆ ನಿಮ್ಮ ಲೆಕ್ಕ ಗೊತ್ತುಂಟಾ? ಅವರದ್ದು ನಿಮಗೆ?