ಪಾದ್ರಿಗಳ ಅವಸರ

ಕನ್ನಡ ನಿಘಂಟು ಮಾಡಿದ ಪಾದ್ರಿ ಕಿಟೆಲರ ಬಗ್ಗೆ ನಮ್ಮಲ್ಲಿ ಲೇಖನ ಬಂದಾಗಲೆಲ್ಲ ಎರಡು ಬಗೆಯ ಪತ್ರಗಳು ಬರುತ್ತವೆ. ನಿಘಂಟಿಗಾಗಿ ಕೈ ಮುಗಿಯುವವರು ಕೆಲವರು. 'ಅದೆಲ್ಲ ಸರಿ ಸ್ವಾಮಿ, ಅವರು ಬಂದದ್ದು ಮತಾಂತರಕ್ಕಲ್ಲವೆ?' ಎಂದು ಕೇಳುವವರು ಇನ್ನು ಕೆಲವರು. ಮೊದಲನೆಯವರು ಈ ಪ್ರಶ್ನೆಯನ್ನು ಕೇಳಿಸಿಕೊಳ್ಳುವುದಿಲ್ಲ, ಎರಡನೆಯವರು ನಿಘಂಟನ್ನು ತೆರೆಯುವುದಿಲ್ಲ. ನನ್ನ ಉತ್ತರ ಚಿಕ್ಕದು: ಹೌದು, ಮತಾಂತರಕ್ಕೇ ಬಂದರು. ಆದರೆ ಅಲ್ಲಿಗೆ ಮುಗಿಸಿದರೆ ನಿಜವಾದ ಪ್ರಶ್ನೆ ಉಳಿದೇ ಬಿಡುತ್ತದೆ. ಜರ್ಮನಿಯ ಹಳ್ಳಿಯೊಂದರ ಹುಡುಗ ಮಂಗಳೂರಿನ ಬಿಸಿಲಲ್ಲಿ ನಿಂತು, ತನಗೆ ಏನೇನೂ ಆಗಬೇಕಿಲ್ಲದ ಮನುಷ್ಯನೊಬ್ಬನ ದೇವರನ್ನು ಬದಲಿಸಲು ಹೊರಟದ್ದು ಏಕೆ?

ಸಿದ್ಧ ಉತ್ತರಗಳು ನಮ್ಮ ಬಳಿ ಬೇಕಾದಷ್ಟಿವೆ. ಬ್ರಿಟಿಷರ ಬಾಲ ಹಿಡಿದು ಬಂದರು ಎಂಬುದು ಒಂದು. ಇತಿಹಾಸ ಇದನ್ನು ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ವ್ಯಾಪಾರ ಕೆಟ್ಟೀತೆಂದು ಕಂಪನಿ ಸರ್ಕಾರ ಬಹುಕಾಲ ಪಾದ್ರಿಗಳನ್ನು ಹತ್ತಿರ ಸೇರಿಸಲಿಲ್ಲ. 1793ರಲ್ಲಿ ಬಂಗಾಳಕ್ಕೆ ಬಂದ ವಿಲಿಯಂ ಕೇರಿ, ಕೊನೆಗೆ ಡೆನ್ಮಾರ್ಕಿನವರ ಕೈಲಿದ್ದ ಶ್ರೀರಾಂಪುರದಲ್ಲಿ ನೆಲೆ ಹುಡುಕಿಕೊಳ್ಳಬೇಕಾಯಿತು. 1813ರ ಸನ್ನದು ಬಾಗಿಲನ್ನು ಅರ್ಧ ತೆರೆಯಿತು, 1833ರ ಸನ್ನದು ಬ್ರಿಟಿಷರಲ್ಲದ ಮಿಷನರಿಗಳಿಗೂ ದಾರಿ ಬಿಟ್ಟಿತು. ಮರುವರ್ಷವೇ ಬಾಸೆಲ್ ಮಿಷನ್ನಿನ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಪಶ್ಚಿಮ ಕರಾವಳಿಗೆ ಬಂದಿಳಿದರು. ಆಳುವವರ ನೆರಳು ಅವರ ಮೇಲಿತ್ತು, ಅನುಕೂಲವೂ ಆಯಿತು. ಆದರೆ ಅವರನ್ನು ಮನೆಯಿಂದ ಎಬ್ಬಿಸಿ ಹೊರಡಿಸಿದ್ದು ಅದಲ್ಲ.

ಹೊರಡಿಸಿದ್ದು ಏನು ಎಂದು ನೋಡುವ ಮೊದಲು, ಸೋತು ಹಿಂದಿರುಗಿದವರೊಬ್ಬರನ್ನು ನೆನೆಯಬೇಕು. ಆಬೆ ದುಬಾಯ್ ಫ್ರೆಂಚ್ ಕ್ಯಾಥೊಲಿಕ್ ಪಾದ್ರಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಟಿಪ್ಪುವಿನ ಕಾಲದಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಕೂಡಿಸಲು ಮೈಸೂರು ಸೀಮೆಗೆ ಬಂದರು. ನಮ್ಮ ಉಡುಪು ಉಟ್ಟು, ನಮ್ಮ ಊಟ ಉಂಡು, ಜನರ ಬಾಯಲ್ಲಿ 'ದೊಡ್ಡ ಸ್ವಾಮಿಯವರು' ಆದರು. ಸಿಡುಬಿಗೆ ದೇವಿ ಹಾಕಿಸುವ ಕೆಲಸದಲ್ಲೂ ಮುಂದೆ ನಿಂತರು. ಇಷ್ಟೆಲ್ಲ ಮಾಡಿದ ಮನುಷ್ಯ 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಮಾತು ಎಂದುಬಿಟ್ಟರು. ತಮ್ಮ ಇಡೀ ದುಡಿಮೆಯಲ್ಲಿ ಸೇರಿದವರು ಇನ್ನೂರು ಮುನ್ನೂರು ಮಂದಿ. ಅವರಲ್ಲಿ ಮೂರರಲ್ಲಿ ಎರಡು ಪಾಲು ಕೆಳಜಾತಿಯವರು, ಭಿಕ್ಷೆಗೆ ಬಿದ್ದವರು. ಉಳಿದವರು ಮದುವೆಗೋ ಮತ್ತಾವುದೋ ಲಾಭಕ್ಕೋ ಬಂದವರು. ಮನಸಾರೆ ನಂಬಿ ಬಂದವರನ್ನು ಕಾಣಲಿಲ್ಲ ಎಂದು ಬರೆದುಕೊಂಡರು. ಪ್ರೊಟೆಸ್ಟೆಂಟ್ ಪಾದ್ರಿಗಳು ಕೆರಳಿದರು. ಮರುವರ್ಷವೇ ಲಂಡನ್ನಿನಲ್ಲಿ ಉತ್ತರರೂಪದ ಪುಸ್ತಕವೂ ಬಂತು.

ಕೆರಳಿದ್ದು ಸಹಜ. ದುಬಾಯ್ ಹೇಳಿದ್ದು ನಿಜವಾದರೆ ಆಜ್ಞೆಯೊಂದು ಸುಳ್ಳಾಗುತ್ತಿತ್ತು. ಮತ್ತಾಯನ ಸುವಾರ್ತೆಯ ಕಟ್ಟಕಡೆಯಲ್ಲಿ, ಸತ್ತು ಎದ್ದುಬಂದ ಯೇಸು ತನ್ನ ಶಿಷ್ಯರಿಗೆ ಎಲ್ಲ ಜನಾಂಗಗಳ ಬಳಿಗೂ ಹೋಗಿ ಅವರನ್ನು ಶಿಷ್ಯರನ್ನಾಗಿ ಮಾಡಿ ದೀಕ್ಷಾಸ್ನಾನ ಕೊಡಬೇಕೆಂದು ಹೇಳುತ್ತಾನೆ. ಸ್ವಾರಸ್ಯವೆಂದರೆ, ಇದೇ ಸುವಾರ್ತೆಯನ್ನು ಓದುತ್ತಿದ್ದ ಬಹುಪಾಲು ಪ್ರೊಟೆಸ್ಟೆಂಟರು ಬಹಳ ಕಾಲ ಮನೆಯಲ್ಲೇ ಕೂತಿದ್ದರು. ಆ ಮಾತು ಹನ್ನೊಂದು ಮಂದಿ ಶಿಷ್ಯರಿಗೆ ಹೇಳಿದ್ದು, ನಮಗಲ್ಲ ಎಂಬ ಸಮಾಧಾನ ಅವರಲ್ಲಿ ಹಲವರಿಗಿತ್ತು. 1792ರಲ್ಲಿ ಒಂದು ಕಿರುಹೊತ್ತಗೆಯಲ್ಲಿ ಕೇರಿ ಅದನ್ನು ಕೆದಕಿದರು. ಚಪ್ಪಲಿ ಹೊಲಿಯುತ್ತ ಭಾಷೆಗಳನ್ನು ಕಲಿತ ಆಸಾಮಿ ಅವರು. ಆಜ್ಞೆ ಶಿಷ್ಯರಿಗೆ ಮಾತ್ರ ಎಂದಾದರೆ ಅದೇ ಉಸಿರಿನಲ್ಲಿ ಹೇಳಿದ ದೀಕ್ಷಾಸ್ನಾನವೂ ಅವರಿಗೆ ಮಾತ್ರವಲ್ಲವೆ, ಅದನ್ನೇಕೆ ಇನ್ನೂ ಮಾಡುತ್ತಿದ್ದೀರಿ ಎಂದು ಕೇಳಿದರು. ಆ ವಾದಕ್ಕೆ ಉತ್ತರಿಸುವುದು ಕಷ್ಟವಿತ್ತು. ಮುಂದಿನ ಕೆಲವೇ ವರ್ಷಗಳಲ್ಲಿ ಯುರೋಪಿನ ಊರೂರಲ್ಲಿ ಮಿಷನ್ ಸಂಘಗಳು ಹುಟ್ಟಿಕೊಂಡವು. 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ ಅವುಗಳಲ್ಲಿ ಒಂದು.

ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಾದರೂ ಅಲ್ಲಿ ತರಬೇತಾದ ಹುಡುಗರಲ್ಲಿ ಬಹಳ ಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ರೈತರ, ಕುಶಲಕರ್ಮಿಗಳ ಮಕ್ಕಳು. ಆ ಹಳ್ಳಿಗಳಲ್ಲಿ ಪಯಟಿಸಂ ಎಂಬ ಭಕ್ತಿಪಂಥ ಬೇರು ಬಿಟ್ಟಿತ್ತು. ಭಾನುವಾರದ ಚರ್ಚು ಅವರಿಗೆ ಸಾಕಾಗುತ್ತಿರಲಿಲ್ಲ. ಯಾರದೋ ಮನೆಯಲ್ಲಿ ಕೂಡಿ ಬೈಬಲ್ ಓದುವುದು, ತನ್ನ ಪಾಪವನ್ನು ತಾನೇ ಅಗೆದು ನೋಡಿಕೊಳ್ಳುವುದು, ಒಂದು ದಿನ ಒಳಗೆ ಏನೋ ಮುರಿದು ಹೊಸದಾಗಿ ಹುಟ್ಟಿದೆನೆಂಬ ಅನುಭವಕ್ಕೆ ಕಾಯುವುದು, ಇದು ಅವರ ಧರ್ಮ. ಹುಟ್ಟಿನಿಂದ ಕ್ರೈಸ್ತರಾದವರನ್ನು ಅವರು ಕ್ರೈಸ್ತರೆಂದು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ನಮ್ಮಲ್ಲಿ ಹೆಚ್ಚಿನವರು ಗಮನಿಸದ ಸಂಗತಿ ಇದು. ಜಾತ್ರೆಗಳಲ್ಲಿ ನಿಂತು ಬೋಧಿಸಿ ಕಲ್ಲೇಟು ತಿಂದ ಸ್ಯಾಮ್ಯುಯೆಲ್ ಹೆಬಿಕ್ ಕಣ್ಣೂರಿನ ದಂಡಿನಲ್ಲಿ ಹೆಸರಾದದ್ದು ಇಂಗ್ಲಿಷ್ ಅಧಿಕಾರಿಗಳ, ಸಿಪಾಯಿಗಳ ಮನಸ್ಸನ್ನು ತಿರುಗಿಸಿದ್ದಕ್ಕಾಗಿ. ಶಿಶುವಾಗಿದ್ದಾಗಲೇ ದೀಕ್ಷಾಸ್ನಾನವಾಗಿದ್ದ ಕರ್ನಲನೂ ಆತನ ಕಣ್ಣಿಗೆ ಇನ್ನೂ ಮತಾಂತರವಾಗಬೇಕಾದವನೇ.

ಇನ್ನೊಂದು ಸಂಗತಿ ನರಕ. ಇಂದಿನ ಎಷ್ಟೋ ಕ್ರೈಸ್ತರು ಈ ಮಾತೆತ್ತಿದರೆ ಮುಜುಗರ ಪಡುತ್ತಾರೆ, ಆ ಹುಡುಗರು ಪಡುತ್ತಿರಲಿಲ್ಲ. ಇರುವುದು ಒಂದೇ ಜನ್ಮ, ಅದರ ಕೊನೆಯಲ್ಲಿ ಒಂದೇ ತೀರ್ಪು, ಆಮೇಲೆ ಮೇಲ್ಮನವಿ ಇಲ್ಲ. ಇದನ್ನು ನಿಜವಾಗಿ ನಂಬಿದವನಿಗೆ ನೆರೆಯವನನ್ನು ಅವನ ಪಾಡಿಗೆ ಬಿಡುವುದು ಸಭ್ಯತೆಯಾಗಿ ಕಾಣುವುದಿಲ್ಲ, ಕ್ರೌರ್ಯವಾಗಿ ಕಾಣುತ್ತದೆ. ನಮಗೆ ಆ ಅವಸರ ಅರ್ಥವಾಗದಿರಲು ಕಾರಣವಿದೆ. ಈ ಜನ್ಮದಲ್ಲಿ ಆಗದಿದ್ದರೆ ಇನ್ನೊಂದರಲ್ಲಿ ಆದೀತು ಎಂಬ ನೆಮ್ಮದಿ ನಮ್ಮ ರಕ್ತದಲ್ಲೇ ಇದೆ. ಹಾಗೆಂದು ನಿತ್ಯನರಕದ ಕಲ್ಪನೆ ನಮ್ಮ ಕರಾವಳಿಗೆ ಹೊಸದೇನಲ್ಲ. ಪಾದ್ರಿಗಳು ಬರುವುದಕ್ಕೆ ಆರು ಶತಮಾನ ಮೊದಲೇ ಉಡುಪಿಯ ಮಧ್ವಾಚಾರ್ಯರು ತಮೋಯೋಗ್ಯ, ಅಂದರೆ ನಿತ್ಯನರಕಕ್ಕೇ ತಕ್ಕ, ಜೀವಗಳ ಬಗ್ಗೆ ಹೇಳಿದ್ದರು. ವ್ಯತ್ಯಾಸ ಇಷ್ಟೇ: ಮಧ್ವಮತದಲ್ಲಿ ಅದು ಜೀವದ ಸ್ವಭಾವ, ಯಾರು ಓಡಿಹೋಗಿ ಎಳೆದರೂ ಬದಲಾಗದು. ಹಾಗಾಗಿ ಯಾರೂ ಓಡಲಿಲ್ಲ. ಬಾಸೆಲ್ಲಿನವರು ಬದಲಾದೀತೆಂದು ನಂಬಿದರು, ಓಡಿದರು.

ಅವರು ಹುಡುಕಿಕೊಂಡು ಬಂದದ್ದು ಏಕಾಂತದಲ್ಲಿ ಕೂತು ತನ್ನ ಪಾಪಕ್ಕೆ ಅಳುವ ಒಂಟಿ ಆತ್ಮವನ್ನು. ಅಂಥದ್ದೊಂದು ಸಿಕ್ಕಿತೂ ಹೌದು. ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ಬ್ರಾಹ್ಮಣ ಹುಡುಗ ಆನಂದರಾವ್ ಕೌಂಡಿನ್ಯ 1844ರ ಜನವರಿಯಲ್ಲಿ, ಇನ್ನಿಬ್ಬರು ಜೊತೆಗಾರರೊಂದಿಗೆ ದೀಕ್ಷಾಸ್ನಾನ ಪಡೆದಾಗ ಮಂಗಳೂರು ಕದಡಿಹೋಯಿತು. ಆತನ ಗುರು ಹರ್ಮನ್ ಮೋಗ್ಲಿಂಗ್. ಅದರ ಹಿಂದಿನ ವರ್ಷವಷ್ಟೇ 'ಮಂಗಳೂರ ಸಮಾಚಾರ'ವನ್ನು ಶುರುಮಾಡಿದವರು. ಶಿಷ್ಯ ಬಾಸೆಲ್ಲಿಗೆ ಹೋಗಿ ಓದಿ, 1851ರಲ್ಲಿ ಹರ್ಮನ್ ಆನಂದರಾವ್ ಕೌಂಡಿನ್ಯ ಎಂಬ ಪಾದ್ರಿಯಾಗಿ ಮರಳಿದರು. ಇನ್ನು ಬ್ರಾಹ್ಮಣರ ಸಾಲು ಸಾಲೇ ಬಂದೀತೆಂದು ಮಿಷನ್ ಕಾದಿತ್ತೋ ಏನೋ, ಸಾಲು ಬರಲಿಲ್ಲ.

ಬಂದವರು ಬಹುಮಟ್ಟಿಗೆ ಬಿಲ್ಲವರು. ಅವರು ಬಂದದ್ದು ಮನೆಮಂದಿಯಾಗಿ, ನಂಟರಿಷ್ಟರಾಗಿ, ತಮ್ಮದೇ ಲೆಕ್ಕಾಚಾರ ಇಟ್ಟುಕೊಂಡು. ಪಾದ್ರಿಗಳು ಅವರ ಪಾಪದ ಬಗ್ಗೆ ಕೇಳಿದರು, ಅವರು ಧಣಿಯ ಬಗ್ಗೆ ಹೇಳಿದರು. ಕ್ರೈಸ್ತ ಸಭೆ ಸೇರಿದ ಒಕ್ಕಲಿಗೆ ಗೇಣಿಯ ಗದ್ದೆ ಕೈತಪ್ಪುತ್ತಿತ್ತು. ಮೂರ್ತೆ ಕೆಲಸ, ಅಂದರೆ ಕಳ್ಳು ಇಳಿಸುವುದನ್ನು, ಮಿಷನ್ನೇ ಬಿಡಿಸುತ್ತಿತ್ತು. ಕುಲಕಸುಬು ಹೋಯಿತು, ನೆಲ ಹೋಯಿತು, ಹೊಟ್ಟೆಗೇನು? ಆತ್ಮದ ಚಿಂತೆಯಲ್ಲಿ ಬಂದ ಪಾದ್ರಿಗಳು ಮಗ್ಗ ಹಾಕಿದರು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಕರಾವಳಿಯ ಮಾಡುಗಳಿಗೆಲ್ಲ ಹೊದಿಕೆಯಾದ ಮಂಗಳೂರು ಹೆಂಚು ಬಂದದ್ದು ಈ ಪೇಚಾಟದಿಂದ. ಅನ್ನಕ್ಕಾಗಿ ಬಂದವನೋ, ದೇವರಿಗಾಗಿ ಬಂದವನೋ ಎಂಬ ಸಂಶಯ ಇಂದು ಹೊರಗಿನವರು ಕೇಳುವ ಪ್ರಶ್ನೆ ಮಾತ್ರವಲ್ಲ. ಆ ಸಂಶಯ ಮೊದಲು ತಿಂದದ್ದು ಪಾದ್ರಿಗಳನ್ನೇ. ಒಳಗಿನ ಪರಿವರ್ತನೆ ಒಂದೇ ಮುಖ್ಯ ಎಂದವರಿಗೆ ಎದುರಿಗಿದ್ದವನ ಒಳಗನ್ನು ನೋಡಲು ಕಿಟಕಿಯೇ ಇರಲಿಲ್ಲ.

ನಿಘಂಟು ಹುಟ್ಟಿದ್ದೂ ಇಲ್ಲೇ. ಒಳಗನ್ನು ಮುಟ್ಟಬೇಕಾದರೆ ಒಳಗಿನ ಮಾತು ಬೇಕು. ಮೋಗ್ಲಿಂಗ್ ದಾಸರ ಪದಗಳನ್ನು, ಬಸವಪುರಾಣವನ್ನು, ಜೈಮಿನಿ ಭಾರತವನ್ನು ಅಚ್ಚು ಹಾಕಿಸಿದರು. ಕಿಟೆಲ್ ಕ್ರಿಸ್ತನ ಕಥೆಯನ್ನು 'ಕಥಾಮಾಲೆ'ಯಲ್ಲಿ ನಮ್ಮ ಛಂದಸ್ಸಿಗೆ ಕೂರಿಸಿದರು. ಶಬ್ದಮಣಿದರ್ಪಣವನ್ನೂ ಛಂದೋಂಬುಧಿಯನ್ನೂ ಸಂಪಾದಿಸಿ, 1894ರಲ್ಲಿ ಸುಮಾರು 70,000 ಪದಗಳ ಕೋಶ ಕೊಟ್ಟರು. ಎಷ್ಟು ಜನರನ್ನು ಸಭೆಗೆ ಸೇರಿಸಿದರು ಎಂದು ಅವರನ್ನು ಯಾರೂ ನೆನೆಯುವುದಿಲ್ಲ. ನೆನೆಯುವಂಥದ್ದು ಆ ಲೆಕ್ಕದಲ್ಲಿ ಇರಲೂ ಇಲ್ಲ.

ನನ್ನ ತಕರಾರು ಬೇರೆ ಕಡೆ ಇದೆ. ಮ್ಯಾನರ್ ಎಂಬ ಬಾಸೆಲ್ ಮಿಷನರಿ ತುಳು ನಿಘಂಟು ಮಾಡಿದವರು, 1886ರಲ್ಲಿ ಪಾಡ್ದನಗಳನ್ನು ಅಚ್ಚು ಹಾಕಿಸಿದವರು. ಭೂತಗಳ ಕಥೆಯನ್ನು ಅಷ್ಟು ಶ್ರದ್ಧೆಯಿಂದ ಬರೆದುಕೊಂಡ ಬಳಗವೇ ಭೂತಾರಾಧನೆಯನ್ನು ಸೈತಾನನ ಪೂಜೆ ಎಂದಿತು. ನ್ಯಾಯಾಧೀಶ ಬರ್ನೆಲ್ ಅವರ ಸಂಗ್ರಹ ಇಂಗ್ಲಿಷಿನಲ್ಲಿ ಪ್ರಕಟವಾದದ್ದೂ ಆ ಅರ್ಥದ ತಲೆಬರಹದಲ್ಲೇ. ಕೇಳಿಸಿಕೊಂಡರು, ಅಕ್ಷರಕ್ಕಿಳಿಸಿದರು, ವ್ಯಾಕರಣ ಹಚ್ಚಿದರು. ತಮಗೂ ಅಲ್ಲಿ ಒಂದು ಮಾತು ಇದ್ದೀತು ಎಂದು ಅವರಿಗೆ ಅನಿಸಿದ ಕುರುಹು ನನಗೆ ಕಂಡಿಲ್ಲ. ಪ್ರೀತಿ ಇತ್ತು, ಒಪ್ಪುತ್ತೇನೆ. ಆದರೆ ಎದುರಿನವನಿಂದ ಏನನ್ನೂ ಪಡೆಯಲು ಒಪ್ಪದ ಪ್ರೀತಿಯ ಎದುರು ಕೂತವನಿಗೆ ಉಸಿರು ಕಟ್ಟುತ್ತದೆ. ಎದುರಿನವರಿಂದ ಏನೂ ಕಲಿಯಬೇಕಿಲ್ಲ ಎಂಬ ಈ ಹಟ ಕ್ರೈಸ್ತರೊಬ್ಬರದೇ ಸೊತ್ತಲ್ಲ ಎಂಬುದನ್ನೂ ಹೇಳಿಬಿಡಬೇಕು. ಅಬ್ಬಲೂರಿನ ಶಿವಭಕ್ತ ಏಕಾಂತದ ರಾಮಯ್ಯ ಜೈನರ ಎದುರು ಪಣ ಕಟ್ಟಿ ನಿಂತದ್ದು ಶಾಸನದಲ್ಲೇ ಇದೆ.

'ಕ್ರೈಸ್ತರು ಮತಾಂತರ ಮಾಡುತ್ತಾರೆ' ಎಂದು ಒಂದೇ ಬೀಸಿನಲ್ಲಿ ಹೇಳುವವರು ಮಂಗಳೂರಿನಲ್ಲೇ ಸ್ವಲ್ಪ ಸುತ್ತಾಡಬೇಕು. ಗೋವೆಯಿಂದ ಬಂದ ಕೊಂಕಣಿ ಕ್ಯಾಥೊಲಿಕರು ನೂರಾರು ವರ್ಷ ನೆರೆಯವರಾಗಿ ಬಾಳಿದರು, ಬಾಮಣ ಚಾರಡಿ ಎಂಬ ಜಾತಿಗುರುತುಗಳನ್ನೂ ಉಳಿಸಿಕೊಂಡರು. ಪಕ್ಕದ ಮನೆಯವರನ್ನು ಇಗರ್ಜಿಗೆ ಎಳೆಯುವ ಉಮೇದು ಅವರಲ್ಲಿ ಕಂಡದ್ದು ಅಪರೂಪ. ಕೇರಳದ ಸಿರಿಯನ್ ಕ್ರೈಸ್ತರೂ ಬಹುಕಾಲ ಹಾಗೆಯೇ ಇದ್ದರು. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಬೇರೆ ಧರ್ಮಗಳಲ್ಲಿರುವ ಸತ್ಯವನ್ನೂ ಪಾವಿತ್ರ್ಯವನ್ನೂ ತಾನು ನಿರಾಕರಿಸುವುದಿಲ್ಲವೆಂದು ಹೇಳಿತು. ಹಳೆಯ ಅವಸರ ಇಂದು ಹೆಚ್ಚಾಗಿ ಉಳಿದಿರುವುದು ಪೆಂತೆಕೊಸ್ತ್ ಮತ್ತಿತರ ಹೊಸ ಸಭೆಗಳಲ್ಲಿ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಚರ್ಚುಗಳ ಮೇಲೆ ದಾಳಿ ನಡೆದಾಗ ಮತಾಂತರದ ಆರೋಪವಿದ್ದದ್ದು ಅಂಥದ್ದೊಂದು ಸಭೆಯ ಮೇಲೆ. ದಾಳಿಯಾದದ್ದು ಕ್ಯಾಥೊಲಿಕ್ ಸನ್ಯಾಸಿನಿಯರ ಮಠದ ಮೇಲೂ ಹೌದು.

ಇನ್ನು ಕಾನೂನು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆ ಧರ್ಮಪ್ರಚಾರದ ಹಕ್ಕನ್ನು ಚರ್ಚಿಸಿದಾಗ ಲೋಕನಾಥ ಮಿಶ್ರ ಬಲವಾಗಿ ವಿರೋಧಿಸಿದರು. ಕ್ರೈಸ್ತ ಸಂಸ್ಥೆಗಳಲ್ಲಿ ವರ್ಷಗಟ್ಟಲೆ ಓದಿದ್ದ ಟಿ.ಟಿ. ಕೃಷ್ಣಮಾಚಾರಿ, ತನ್ನನ್ನು ಯಾರೂ ಮತಾಂತರಿಸಲು ನೋಡಲಿಲ್ಲ ಎಂದರು. ಹಕ್ಕು ಉಳಿಯಿತು. 1977ರಲ್ಲಿ ಸುಪ್ರೀಂ ಕೋರ್ಟು, ಪ್ರಚಾರದ ಹಕ್ಕೆಂದರೆ ಮತಾಂತರಿಸುವ ಹಕ್ಕಲ್ಲ ಎಂದು ಗೆರೆ ಎಳೆಯಿತು. 2022ರಲ್ಲಿ ಕರ್ನಾಟಕ ತಂದ ಕಾಯ್ದೆ ಆಮಿಷದ ಪಟ್ಟಿಯಲ್ಲಿ ಕೆಲಸ, ಉಚಿತ ಶಿಕ್ಷಣ, ಉತ್ತಮ ಜೀವನದ ಭರವಸೆಯ ಜೊತೆಗೆ ದೈವಕೋಪವನ್ನೂ ಸೇರಿಸಿತು. ಹಾಗೆ ನೋಡಿದರೆ ಜೆಪ್ಪುವಿನ ಹಂಚಿನ ಕಾರ್ಖಾನೆಯಷ್ಟೇ ಅಲ್ಲ, ಹೆಬಿಕ್ ಬೋಧಿಸುತ್ತಿದ್ದ ನರಕವೂ ಆಮಿಷವೇ. 2023ರಲ್ಲಿ ಬಂದ ಸರ್ಕಾರದ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಬಲವಂತವನ್ನೂ ಮೋಸವನ್ನೂ ತಡೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂಥ ಕಾಯ್ದೆಗಳ ಕಣ್ಣೆಲ್ಲ ಕರೆಯುವವನ ಮೇಲೆ. ಹೋದವನಿಗೂ ಒಂದು ಮನಸ್ಸಿತ್ತು ಎಂಬುದು ಅವಕ್ಕೆ ತೋಚಿದಂತಿಲ್ಲ.

1869ರ ಸುಮಾರಿಗೆ ಮಂಗಳೂರಿನ ಬಿಲ್ಲವ ಮುಖಂಡ ಅರಸಪ್ಪ, ಎದುರಿಗೇ ಮಿಷನ್ ಇದ್ದರೂ, ದೂರದ ಕಲ್ಕತ್ತೆಯ ಬ್ರಹ್ಮಸಮಾಜಕ್ಕೆ ಪತ್ರ ಬರೆಸಿ ತನ್ನ ಜನರನ್ನು ಸೇರಿಸಿಕೊಳ್ಳಿ ಎಂದು ಕೇಳಿದರು. ಕೇಶವಚಂದ್ರ ಸೇನರ ಕಡೆಯವರು ಇಲ್ಲಿಗೆ ಬಂದೂ ಹೋದರು. ಆ ನಂಟು ಅಂದುಕೊಂಡಷ್ಟು ಕುದುರಲಿಲ್ಲ. ದೇವಸ್ಥಾನದ ಒಳಗೆ ಬಿಡದವರು, ಇಗರ್ಜಿಗೆ ಹೋದರೆ ಬೈದವರು, ಎಲ್ಲರನ್ನೂ ಆ ಸಮುದಾಯ ನೋಡಿತ್ತು. ಕೊನೆಗೆ ಅದು ನಾರಾಯಣ ಗುರುಗಳನ್ನು ಕರೆತಂದಿತು. 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆಯಾಯಿತು. ಬಾಸೆಲ್ ಮಿಷನ್ನಿನ ಸಭೆ ಸೇರಿದ್ದ ಬಿಲ್ಲವರ ಮೊಮ್ಮಕ್ಕಳು ಆ ಹೊತ್ತಿಗೆ ಮಿಷನ್ ಶಾಲೆಗಳಲ್ಲಿ ಮೇಷ್ಟರಾಗಿದ್ದರು, ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದರು. ಎರಡು ಕಡೆಯವರೂ ಬೇಡಿದ್ದರಲ್ಲಿ ಹೆಚ್ಚಿನ ವ್ಯತ್ಯಾಸ ನನಗೆ ಕಾಣುವುದಿಲ್ಲ.